ಬ್ಯಾಟರಿ ಗೂಡ್ಸ್ ಆಟೊದಲ್ಲಿ ಹದಿನಾಲ್ಕು ತಿಂಗಳು: ಒಂದು ಸರಕು ಸಾಗಣೆ ಆ್ಯಪ್‌ನ ವಿಮರ್ಶೆ

ನಮ್ಮದು ಬಸವೇಶ್ವರನಗರದಲ್ಲಿ ಮನೆಯ ಕೆಳ ಅಂತಸ್ತಿನಲ್ಲಿ ನಡೆಯುವ ಸಣ್ಣ ಉದ್ಯಮ. ಐದು ಮಂದಿ ಹೆಂಗಸರು ಸೇರಿ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆಗಳನ್ನು ತಯಾರಿಸಿ ಮಲ್ಲೇಶ್ವರ, ಗಾಂಧಿ ಬಜಾರ್, ಜಯನಗರ 4ನೇ ಬ್ಲಾಕ್, ಬನಶಂಕರಿ ಮತ್ತು ವಿಜಯನಗರದ ಕಾಂಡಿಮೆಂಟ್ಸ್ ಅಂಗಡಿಗಳಿಗೆ ವಾರಕ್ಕೆರಡು ಬಾರಿ ಕಳುಹಿಸುತ್ತೇವೆ. ಹನ್ನೊಂದು ವರ್ಷ ಈ ಮಾಲನ್ನು ಸಾಗಿಸಿದ್ದು ನಮ್ಮ ರಸ್ತೆಯ ಮೂಲೆಯ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ ನಾಲ್ಕು ಚಕ್ರದ ಹಳೆಯ ಡೀಸೆಲ್ ಗಾಡಿ. ಅದರ ಮಾಲೀಕರು ಗಾಡಿ ಮಾರಿ ಊರು ಸೇರಿದ ಮೇಲೆ, ಮಗಳ ಒತ್ತಾಯದಿಂದ, ಬ್ಯಾಟರಿಯಿಂದ ಓಡುವ ಮೂರು ಚಕ್ರದ ಗೂಡ್ಸ್ ಆಟೊಗಳನ್ನು ಮಾತ್ರ ಇಟ್ಟುಕೊಂಡಿರುವ ಒಂದು ಆ್ಯಪ್ ಸೇವೆಯನ್ನು ಬಳಸಲು ಆರಂಭಿಸಿದೆ. ಈಗ ಹದಿನಾಲ್ಕು ತಿಂಗಳಾಗಿದೆ. ಸೇವೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಕ್ರಮದಲ್ಲಿ ಕೆಲಸ ಮಾಡುವ ಸೇವೆಗಳು ಬೆಂಗಳೂರಿನಲ್ಲಿ ಹಲವಿವೆ. ಯಾವುದನ್ನು ಆರಿಸಿಕೊಳ್ಳುವಾಗಲೂ ಏನನ್ನು ಪರೀಕ್ಷಿಸಿ ನೋಡಬೇಕು ಎಂಬುದು ನನ್ನಂತಹ ಸಣ್ಣ ತಯಾರಕರಿಗೆ ಹೆಚ್ಚು ಉಪಯೋಗಕ್ಕೆ ಬರುವ ವಿಷಯ.

ಮೊದಲು ಗಾಡಿಯ ವಿಷಯ. ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ಮಹೀಂದ್ರಾದ ಟ್ರಿಯೊ ಜೋರ್. 550 ಕೆಜಿ ಹೊರುವ ಸಾಮರ್ಥ್ಯದ ಈ ಗಾಡಿ ನಮ್ಮ ಪುಡಿ ಡಬ್ಬಗಳ ಪೆಟ್ಟಿಗೆಗಳಿಗೆ ಧಾರಾಳವಾಗಿ ಸಾಕಾಗುತ್ತದೆ. ಡೀಸೆಲ್ ಗಾಡಿಯ ನಡುಕವಿಲ್ಲದ ಕಾರಣ ಹಪ್ಪಳ ಮುರಿಯುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಮನೆಯ ಮುಂದೆ ಬೆಳಗಿನ ಆರು ಗಂಟೆಗೆ ಮಾಲು ಏರಿಸುವಾಗ ಎದುರು ಮನೆಯವರ ನಿದ್ದೆ ಕೆಡುವುದಿಲ್ಲ. ಅಂಗಡಿಯ ಮೆಟ್ಟಿಲಿನ ಪಕ್ಕದಲ್ಲೇ ಗಾಡಿ ನಿಂತಿದ್ದರೂ ಹೊಗೆ ಒಳಗೆ ನುಗ್ಗುವುದಿಲ್ಲ. ತಿನ್ನುವ ಪದಾರ್ಥ ಮಾರುವವರಿಗೂ ಅಲ್ಲಿ ನಿಂತು ಕೊಳ್ಳುವವರಿಗೂ ಇದು ದೊಡ್ಡ ಉಪಕಾರ.

ಆ್ಯಪ್‌ನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅಂಗಡಿಗಳ ಸರದಿಯನ್ನು ಅದು ಗೊತ್ತುಮಾಡುವ ರೀತಿ. ಹಿಂದಿನ ಸಂಜೆ ನಾನು ಐದು ವಿಳಾಸಗಳನ್ನೂ ಪ್ರತಿ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂಬುದನ್ನೂ ತುಂಬಿಸಿದರೆ, ಬೆಳಗಿನ ಮತ್ತು ಸಂಜೆಯ ದಟ್ಟಣೆಯ ವೇಳೆಯಲ್ಲಿ ಸರಕು ವಾಹನಗಳಿಗೆ ನಿರ್ಬಂಧವಿರುವ ರಸ್ತೆಗಳನ್ನು ತಪ್ಪಿಸಿ, ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆಗಳಂತಹ ಏಕಮುಖ ಸಂಚಾರದ ಕಡೆ ಸುತ್ತು ಬೀಳದಂತೆ ನೋಡಿಕೊಂಡು, ಯಾವ ಅಂಗಡಿ ಮೊದಲು ಯಾವುದು ಕೊನೆ ಎಂಬ ಪಟ್ಟಿಯನ್ನು ಅದು ರಾತ್ರಿ ಎಂಟರೊಳಗೆ ಕಳುಹಿಸುತ್ತದೆ. ಹಳೆಯ ಗಾಡಿಯವರು ಈ ಲೆಕ್ಕವನ್ನು ತಲೆಯಲ್ಲೇ ಹಾಕುತ್ತಿದ್ದರು, ಮತ್ತು ಚೆನ್ನಾಗಿಯೇ ಹಾಕುತ್ತಿದ್ದರು. ಆದರೆ ಪಟ್ಟಿ ಹಿಂದಿನ ರಾತ್ರಿಯೇ ಕೈಸೇರುವುದರಿಂದ ಒಂದು ಅನುಕೂಲವಿದೆ. ಕೊನೆಯಲ್ಲಿ ಇಳಿಸಬೇಕಾದ ಪೆಟ್ಟಿಗೆಗಳು ಗಾಡಿಯ ಒಳತುದಿಗೂ ಮೊದಲು ಇಳಿಯಬೇಕಾದವು ಬಾಗಿಲ ಬಳಿಗೂ ಬರಬೇಕು. ಪಟ್ಟಿ ನೋಡಿಕೊಂಡು ನಾವು ರಾತ್ರಿಯೇ ಪೆಟ್ಟಿಗೆಗಳನ್ನು ಆ ಕ್ರಮದಲ್ಲಿ ಗೋಡೆಗೆ ಜೋಡಿಸಿಟ್ಟು, ಒಂದೊಂದು ಅಂಗಡಿಗೆ ಒಂದೊಂದು ಬಣ್ಣದ ಹುರಿ ಕಟ್ಟುತ್ತೇವೆ. ಬೆಳಿಗ್ಗೆ ಮಾಲು ಏರಿಸಲು ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಕೆಲಸ ಈಗ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ.

ಇದೇ ಕಾರಣಕ್ಕೆ, ಮಾಲು ಏರಿದ ಮೇಲೆ ಆ್ಯಪ್ ಸರದಿಯನ್ನು ಬದಲಿಸಿದ ಎರಡು ಸಂದರ್ಭಗಳನ್ನು ನಾನು ಮರೆತಿಲ್ಲ. ದಾರಿಯಲ್ಲಿ ಎಲ್ಲೋ ವಾಹನಗಳು ಕಟ್ಟಿಕೊಂಡಿವೆ ಎಂದು ತಿಳಿದ ಕೂಡಲೇ ಅದು ಜಯನಗರವನ್ನು ಮೊದಲು ಮಾಡಿ ಮಲ್ಲೇಶ್ವರವನ್ನು ಕೊನೆಗೆ ತಳ್ಳಿತು. ದೂರದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಜಯನಗರದ ಪೆಟ್ಟಿಗೆಗಳು ಒಳಗಡೆ ಸಿಕ್ಕಿಕೊಂಡಿದ್ದವು. ಚಾಲಕರು ರಸ್ತೆ ಬದಿಯಲ್ಲಿ ಅರ್ಧ ಗಾಡಿ ಇಳಿಸಿ ಮತ್ತೆ ಏರಿಸಬೇಕಾಯಿತು. ಮಾಲು ಏರಿದ ಮೇಲೆ ಸರದಿ ಬದಲಾಗಬಾರದು ಎಂದು ಗುರುತು ಹಾಕುವ ಅವಕಾಶವನ್ನು ನಾಲ್ಕು ತಿಂಗಳ ಹಿಂದೆ ಸೇರಿಸಿದ್ದಾರೆ. ಬಳಸುವವರು ಅದನ್ನು ಒತ್ತುವುದನ್ನು ಮರೆಯಬಾರದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರತಿ ಬಾಡಿಗೆ ಮುಗಿದಾಗ ಪರದೆಯ ಮೇಲೆ ಹಸಿರು ಎಲೆಯ ಗುರುತಿನೊಂದಿಗೆ, ಈ ಬಾಡಿಗೆಯಿಂದ ನೀವು ಇಷ್ಟು ಕೆಜಿ ಇಂಗಾಲವನ್ನು ಉಳಿಸಿದಿರಿ ಎಂಬ ಸಂದೇಶ ಬರುತ್ತದೆ. ನಮ್ಮ 38 ಕಿಲೊಮೀಟರಿನ ಸುತ್ತಿಗೆ ಅದು ತೋರಿಸುತ್ತಿದ್ದದ್ದು 5.1 ಕೆಜಿ. ಪರಿಸರದ ಕಾಳಜಿಯಿಂದಲೇ ಈ ಸೇವೆಗೆ ಬಂದವಳಾದ್ದರಿಂದ ಆ ಅಂಕಿ ನಿಜವೇ ಎಂದು ನೋಡುವುದು ನನ್ನ ಕರ್ತವ್ಯವೆನಿಸಿತು. ಎಂಟು ವಾರ ಒಂದು ನೋಟ್ ಪುಸ್ತಕದಲ್ಲಿ, ಗಾಡಿ ಎಲ್ಲಿಂದ ಖಾಲಿಯಾಗಿ ಬಂತು, ಮಾಲು ಇಳಿಸಿದ ಮೇಲೆ ಎಲ್ಲಿಗೆ ಖಾಲಿಯಾಗಿ ಹೋಯಿತು ಎಂಬುದನ್ನು ಚಾಲಕರನ್ನು ಕೇಳಿ ಬರೆದಿಟ್ಟೆ. ಸರಾಸರಿ ತೆಗೆದಾಗ ನಮ್ಮ ಮಾಲಿನ 38 ಕಿಲೊಮೀಟರಿನ ಜೊತೆಗೆ ಹನ್ನೊಂದು ಕಿಲೊಮೀಟರ್ ಖಾಲಿ ಓಡಾಟವಿತ್ತು.

ಲೆಕ್ಕ ಹೀಗಿದೆ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕೆಜಿ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ನಮ್ಮ ಹಳೆಯ ಗಾಡಿ ಲೀಟರಿಗೆ 20 ಕಿಲೊಮೀಟರ್ ಕೊಡುತ್ತಿತ್ತು. ಸ್ಟ್ಯಾಂಡಿನಿಂದ ಮನೆಗೆ ಬಂದು ಮರಳುವ ದೂರವೂ ಸೇರಿ 40 ಕಿಲೊಮೀಟರಿಗೆ ಎರಡು ಲೀಟರ್, ಅಂದರೆ 5.4 ಕೆಜಿ. ಬ್ಯಾಟರಿ ಗಾಡಿಯ ವಿಷಯದಲ್ಲಿ, 7.37 ಯೂನಿಟ್‌ನ ಬ್ಯಾಟರಿ ತುಂಬಿದರೆ ಊರೊಳಗೆ ಸುಮಾರು 80 ಕಿಲೊಮೀಟರ್ ಓಡುತ್ತದೆ ಎಂದು ಚಾಲಕರು ಹೇಳುತ್ತಾರೆ. ಚಾರ್ಜ್ ಮಾಡುವಾಗ ಆಗುವ ನಷ್ಟವನ್ನೂ ಸೇರಿಸಿದರೆ ಕಿಲೊಮೀಟರಿಗೆ ಸುಮಾರು 0.1 ಯೂನಿಟ್. ಕಲ್ಲಿದ್ದಲಿನ ಪಾಲು ಇನ್ನೂ ಹೆಚ್ಚಾಗಿರುವ ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಖಾಲಿ ಓಡಾಟವೂ ಸೇರಿ 49 ಕಿಲೊಮೀಟರಿಗೆ ಇದು 3.4 ಕೆಜಿ ಆಗುತ್ತದೆ. ಉಳಿದದ್ದು 5.1 ಕೆಜಿ ಅಲ್ಲ, 2 ಕೆಜಿ. ಆ್ಯಪ್ ವಿದ್ಯುತ್ತನ್ನು ಸೊನ್ನೆ ಎಂದೂ ಖಾಲಿ ಓಡಾಟವನ್ನು ಇಲ್ಲವೆಂದೂ ಎಣಿಸಿ ತನ್ನ ಅಂಕಿಯನ್ನು ಕೊಡುತ್ತಿದೆ. ಇದೇ ಗಾಡಿ 39 ಕಿಲೊಮೀಟರ್ ಖಾಲಿ ಓಡಿದ್ದರೆ ಹಳೆಯ ಡೀಸೆಲ್ ಗಾಡಿಗೂ ಇದಕ್ಕೂ ಇಂಗಾಲದ ಲೆಕ್ಕದಲ್ಲಿ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ.

ಎರಡು ಕೆಜಿ ಕಡಿಮೆಯೆಂದು ನಾನು ಹೇಳುತ್ತಿಲ್ಲ. ವಾರಕ್ಕೆರಡು ಬಾರಿ, ವರ್ಷವಿಡೀ ಉಳಿದರೆ ಅದು ದೊಡ್ಡದೇ. ನನ್ನ ಆಕ್ಷೇಪ ಸುಳ್ಳು ಸಮಾಧಾನದ ಬಗ್ಗೆ. ಖಾಲಿ ಓಡಾಟದ ಅಂಕಿ ಸೇವೆಯವರ ಬಳಿ ಇದ್ದೇ ಇದೆ, ಏಕೆಂದರೆ ಪ್ರತಿ ಗಾಡಿಯಲ್ಲೂ ಜಿಪಿಎಸ್ ಇದೆ. ಅದನ್ನು ಗ್ರಾಹಕರಿಗೆ ತೋರಿಸಿದರೆ ಹತ್ತಿರದ ಗಾಡಿಗಾಗಿ ಅರ್ಧ ಗಂಟೆ ಕಾಯಲು ನನ್ನಂತಹವರು ಸಂತೋಷದಿಂದ ಒಪ್ಪುತ್ತೇವೆ. ಈಗ ನಮಗೆ ಆ ಆಯ್ಕೆಯೇ ಇಲ್ಲ.

ಈ ಲೆಕ್ಕ ಹಾಕಿದ ಮೇಲೆಯೇ ನಾನು ಆ್ಯಪ್‌ನ ಹಂಚಿಕೆ ಬಾಡಿಗೆಯನ್ನು ಗಂಭೀರವಾಗಿ ನೋಡಿದ್ದು. ನಮ್ಮ ಮಾಲು ಗಾಡಿಯ ಅರ್ಧ ಜಾಗವನ್ನೂ ತುಂಬುವುದಿಲ್ಲ. ಅದೇ ದಿನ ಅದೇ ಕಡೆಗೆ ಹೋಗಬೇಕಾದ ಇನ್ನೊಬ್ಬರ ಮಾಲನ್ನು ಹುಡುಕಿ ಒಂದೇ ಗಾಡಿಗೆ ಸೇರಿಸುವುದು ಈ ವ್ಯವಸ್ಥೆ. ವಿಜಯನಗರದಲ್ಲಿ ಕುರುಕಲು ತಿಂಡಿ ಮಾಡುವ ಒಬ್ಬರ ಮಾಲು ಈಗ ನಮ್ಮ ಜೊತೆ ಹೋಗುತ್ತದೆ. ಅವರ ಅಂಗಡಿಗಳೂ ನಮ್ಮ ಅಂಗಡಿಗಳೂ ಹೆಚ್ಚುಕಡಿಮೆ ಒಂದೇ ಬೀದಿಗಳಲ್ಲಿವೆ. ಇಷ್ಟು ವರ್ಷ ಒಂದೇ ಊರಿನಲ್ಲಿದ್ದು, ಒಂದೇ ಅಂಗಡಿಯ ಕಪಾಟಿನಲ್ಲಿ ನಮ್ಮ ಪೊಟ್ಟಣಗಳು ಅಕ್ಕಪಕ್ಕ ಕೂತಿದ್ದರೂ, ಇಬ್ಬರೂ ಅರ್ಧ ಖಾಲಿ ಗಾಡಿಗಳನ್ನು ಒಬ್ಬರ ಹಿಂದೆ ಒಬ್ಬರು ಕಳುಹಿಸುತ್ತಿದ್ದೆವು. ಖಾಲಿ ಓಡಾಟವೂ ಸೇರಿ ಇಬ್ಬರದೂ ಒಟ್ಟು 98 ಕಿಲೊಮೀಟರ್ ಆಗುತ್ತಿದ್ದುದು ಈಗ 57ಕ್ಕೆ ಇಳಿದಿದೆ. ನನ್ನ ಪಾಲಿಗೆ ಬರುವ ಇಂಗಾಲ 2 ಕೆಜಿ. ಹಳೆಯ ಡೀಸೆಲ್ ಗಾಡಿಯ 5.4 ಕೆಜಿಗೆ ಹೋಲಿಸಿದರೆ ಉಳಿತಾಯ 3.4 ಕೆಜಿ. ಬ್ಯಾಟರಿಯೊಂದರಿಂದ ಸಿಕ್ಕ ಲಾಭದ ಮೇಲೆ ಇಷ್ಟು ಹೆಚ್ಚಿನ ಲಾಭ ಕೊಟ್ಟದ್ದು ಎರಡು ಮನೆಗಳ ಮಾಲನ್ನು ಜೋಡಿಸಿದ ಬುದ್ಧಿ. ಗಣಕವಿಲ್ಲದೆ ಇದನ್ನು ಯಾರೂ ಮಾಡಲಾಗುತ್ತಿರಲಿಲ್ಲ, ಏಕೆಂದರೆ ವಿಜಯನಗರದವರ ಪರಿಚಯವೇ ನನಗಿರಲಿಲ್ಲ. ನನಗೆ ಬಾಡಿಗೆಯೂ 1,150 ರೂಪಾಯಿಯಿಂದ 640 ರೂಪಾಯಿಗೆ ಇಳಿದಿದೆ. ಈ ಸೇವೆಯಲ್ಲಿ ಹಣ ಕೊಟ್ಟು ಪಡೆಯಬೇಕಾದದ್ದು ಏನಾದರೂ ಇದ್ದರೆ ಅದು ಈ ಹಂಚಿಕೆಯ ಸೌಲಭ್ಯವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಯಾರ ಮಾಲಿನ ಜೊತೆ ಯಾರ ಮಾಲು ಹೋಗಬೇಕೆಂಬ ತಿಳಿವಳಿಕೆ ಅದಕ್ಕೆ ಸಾಲದು. ಕಳೆದ ಮಳೆಗಾಲದಲ್ಲಿ ಒಂದು ದಿನ ನಮ್ಮ ಅರಳು ಸಂಡಿಗೆಯ ಆರು ಪೆಟ್ಟಿಗೆಗಳನ್ನು ಊದಿನಕಡ್ಡಿಯ ಪೆಟ್ಟಿಗೆಗಳೊಂದಿಗೆ ಕಳುಹಿಸಿದರು. ಟಾರ್ಪಾಲು ಬಿಗಿದ ಗಾಡಿಯಲ್ಲಿ ಮೂರು ಗಂಟೆ ಎರಡೂ ಒಟ್ಟಿಗಿದ್ದವು. ಎರಡು ದಿನದ ನಂತರ ಬನಶಂಕರಿಯ ಅಂಗಡಿಯವರು ಫೋನ್ ಮಾಡಿ, “ಅಮ್ಮಾ, ನಿಮ್ಮ ಸಂಡಿಗೆ ಎಣ್ಣೆಗೆ ಹಾಕಿದ್ರೆ ಊದುಬತ್ತಿ ವಾಸನೆ ಬರ್ತಿದೆ, ಗಿರಾಕಿಗಳು ವಾಪಸ್ ತಂದುಕೊಟ್ಟಿದ್ದಾರೆ” ಎಂದರು. ನಾನೇ ಒಂದು ಪೊಟ್ಟಣ ತರಿಸಿ ಕರಿದು ನೋಡಿದೆ. ಅವರ ಮಾತು ನಿಜ. ಆರೂ ಪೆಟ್ಟಿಗೆ ದಂಡವಾಯಿತು. ದೂರು ಕೊಟ್ಟಾಗ ಮೂರು ವಾರದ ನಂತರ ಬಾಡಿಗೆಯ ಹಣ ಮರಳಿ ಬಂತು, ಮಾಲಿನ ಹಣ ಬರಲಿಲ್ಲ. ಆ್ಯಪ್ ಕೇಳುವುದು ಆಹಾರವೇ ಅಲ್ಲವೇ ಎಂದಷ್ಟೇ. ವಾಸನೆ ಬಿಡುವ ಮಾಲು, ವಾಸನೆ ಹೀರುವ ಮಾಲು, ಒದ್ದೆಯಾದರೆ ಕೆಡುವ ಮಾಲು ಎಂಬ ಮೂರು ಪ್ರಶ್ನೆಗಳನ್ನು ಸೇರಿಸುವುದು ಏನೂ ಕಷ್ಟವಲ್ಲ. ನಮ್ಮ ಕಡೆಯ ಯಾವ ಕಿರಾಣಿ ಅಂಗಡಿಯ ಹುಡುಗನೂ ಸಾಬೂನಿನ ಪಕ್ಕದಲ್ಲಿ ಚಹಾಪುಡಿ ಇಡುವುದಿಲ್ಲ.

ತೂಕದ ವಿಷಯದಲ್ಲೂ ಇಂಥದ್ದೇ ಕೊರತೆಯಿದೆ. ವರ್ಷಕ್ಕೆ ಬೇಕಾಗುವ ಬ್ಯಾಡಗಿ ಮೆಣಸಿನಕಾಯಿಯನ್ನು ಸುಗ್ಗಿಯಲ್ಲಿ ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಒಟ್ಟಿಗೆ ತರುತ್ತೇವೆ. ಹನ್ನೆರಡು ಚೀಲ, 400 ಕೆಜಿಯೊಳಗೆ. ಆ್ಯಪ್ ತೂಕವನ್ನು ಮಾತ್ರ ಕೇಳಿ 550 ಕೆಜಿಯ ಗಾಡಿ ಸಾಕೆಂದು ಕಳುಹಿಸಿತು. ಒಣ ಮೆಣಸಿನಕಾಯಿ ಚೀಲ ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಎಂಟು ಚೀಲಕ್ಕೇ ಗಾಡಿ ತುಂಬಿತು. ಯಾರ್ಡಿನ ಹಮಾಲಿಗಳು ಗಾಡಿಯನ್ನು ನೋಡಿದ ಕೂಡಲೇ ಇದರಲ್ಲಿ ಹಿಡಿಯುವುದಿಲ್ಲ ಎಂದು ಹೇಳಿದ್ದರು. ಅವರ ಕಣ್ಣಂದಾಜಿನ ಮುಂದೆ ಆ್ಯಪ್‌ನ ಅಂದಾಜು ಸೋತಿತು. ಉಳಿದ ನಾಲ್ಕು ಚೀಲಕ್ಕೆ ಇನ್ನೊಂದು ಗಾಡಿ ಬಂತು, ಅಂದರೆ ಉಳಿಸಬೇಕಾದ ಓಡಾಟ ದುಪ್ಪಟ್ಟಾಯಿತು. ಜೊತೆಗೆ ಕಾಗದಪತ್ರದ ತೊಡಕೂ ಇತ್ತು. ಮಾಲಿನ ಬೆಲೆ 50,000 ರೂಪಾಯಿ ದಾಟಿದ್ದರಿಂದ, ಮಾಲು ಸಾಗಿಸಲು ಜಿಎಸ್‌ಟಿಯಡಿ ಆನ್‌ಲೈನಿನಲ್ಲಿ ಪಡೆಯುವ ಇ-ವೇ ಬಿಲ್ ತೆಗೆಯಬೇಕು, ಅದರಲ್ಲಿ ಗಾಡಿಯ ನಂಬರ್ ನಮೂದಿಸಬೇಕು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಈ ಪದ್ಧತಿಯನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕವೇ, ಹಾಗಾಗಿ ನಮ್ಮ ವ್ಯಾಪಾರಿಗಳಿಗೆ ಇದು ರೂಢಿಯಾಗಿದೆ. ಮಂಡಿಯವರು ಬಿಲ್ ತೆಗೆದ ಮೇಲೆ ಆ್ಯಪ್ ಗಾಡಿಯನ್ನೇ ಬದಲಿಸಿತು. ನಂಬರನ್ನು ತಿದ್ದಿಸಲು ಅವರ ಗುಮಾಸ್ತರ ಮುಂದೆ ನಾನು ಮುಕ್ಕಾಲು ಗಂಟೆ ನಿಂತಿದ್ದೆ.

ಚಾರ್ಜಿಂಗ್ ಬಗ್ಗೆ ಒಂದು ಅನುಭವ ಹೇಳಲೇಬೇಕು. ಒಮ್ಮೆ ಗಾಡಿ ಜಯನಗರ ಮುಗಿಸಿ ಬನಶಂಕರಿಯತ್ತ ಹೊರಟಿದ್ದಾಗ ಚಾಲಕರು ಫೋನ್ ಮಾಡಿದರು. ಕುಣಿಗಲ್ ಕಡೆಯವರು, ಬಹಳ ಮರ್ಯಾದಸ್ಥರು. “ಅಮ್ಮಾ, ಇಪ್ಪತ್ತು ಪರ್ಸೆಂಟ್ ತೋರಿಸ್ತಿದೆ, ಇನ್ನೂ ವಿಜಯನಗರದ ಲೋಡ್ ಇದೆ, ಅಲ್ಲೀತನಕ ಎಳೆಯೋದು ಕಷ್ಟ. ಒಂದೂವರೆ ಗಂಟೆ ಚಾರ್ಜಿಗೆ ಹಾಕ್ತೀನಿ, ಅಂಗಡಿಯವರಿಗೆ ನೀವೊಂದು ಮಾತು ಹೇಳ್ಬಿಡಿ” ಎಂದರು. ಬೆಳಿಗ್ಗೆ ಬ್ಯಾಟರಿ ಪೂರ್ತಿ ತುಂಬಿರದ ಗಾಡಿಗೆ ಇಷ್ಟು ದೂರದ ಸರದಿಯನ್ನು ಆ್ಯಪ್ ಒಪ್ಪಿಸಿದ್ದೇ ತಪ್ಪು. ಆ ಒಂದೂವರೆ ಗಂಟೆಗೆ ಅವರಿಗೆ ಏನೂ ಸಿಗಲಿಲ್ಲ ಎಂದು ಆಮೇಲೆ ತಿಳಿದು ನನಗೆ ನೋವಾಯಿತು. ಹೊತ್ತಿನ ವಿಷಯದಲ್ಲಿ ಇನ್ನೊಂದು ಸಲಹೆಯಿದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಸೇರಿದಂತೆ ನಮ್ಮ ರಾಜ್ಯದ ಸೌರ ವಿದ್ಯುತ್ ಹೆಚ್ಚಾಗಿ ಸಿಗುವುದು ನಡುಹಗಲಿನಲ್ಲಿ. ಈ ಗಾಡಿಗಳು ಚಾರ್ಜ್ ಆಗುವುದು ಬಹುಪಾಲು ರಾತ್ರಿಯಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಗಳಲ್ಲೂ ಮಾಲು ಇಳಿಸಿಕೊಳ್ಳುವವರು ಇರುವುದಿಲ್ಲ. ಆ ಎರಡು ಗಂಟೆಯನ್ನು ಚಾರ್ಜಿಂಗ್‌ಗೆ ಮೀಸಲಿಟ್ಟು ಸರದಿಯನ್ನು ಹೆಣೆದರೆ ಚಾಲಕರಿಗೆ ಊಟವೂ ಗಾಡಿಗೆ ಬಿಸಿಲಿನ ವಿದ್ಯುತ್ತೂ ಒಟ್ಟಿಗೆ ದೊರೆಯುತ್ತವೆ. 2017ರಲ್ಲೇ ದೇಶದಲ್ಲಿ ಮೊದಲಿಗೆ ವಿದ್ಯುತ್ ವಾಹನಗಳಿಗಾಗಿ ನೀತಿ ರೂಪಿಸಿದ ರಾಜ್ಯದಲ್ಲಿ ಇಷ್ಟು ಮುಂದಾಲೋಚನೆಯನ್ನು ನಿರೀಕ್ಷಿಸುವುದು ತಪ್ಪಲ್ಲ.

ಭಾಷೆಯ ಬಗ್ಗೆ ಹೇಳುವುದಾದರೆ, ಚಾಲಕರ ಆ್ಯಪ್ ಕನ್ನಡದಲ್ಲಿ ಮಾತಾಡುತ್ತದೆ. “ಮುಂದಿನ ಎಡಕ್ಕೆ ತಿರುಗಿ” ಎಂಬ ಧ್ವನಿ ಸ್ಪಷ್ಟವಾಗಿದೆ. ಗ್ರಾಹಕರ ಆ್ಯಪ್‌ನ ಕನ್ನಡ ಮಾತ್ರ ಯಾರೋ ಓದಿ ನೋಡದೆ ಹಾಕಿದಂತಿದೆ. ಗಾಡಿಗೆ ಮಾಲು ಏರಿದಾಗ “ನಿಮ್ಮ ಆದೇಶವನ್ನು ಎತ್ತಿಕೊಳ್ಳಲಾಗಿದೆ” ಎಂದು ಬರುತ್ತದೆ. “ಮಾಲು ಗಾಡಿಗೆ ಏರಿದೆ” ಎಂದರೆ ಸಾಕು. ಮಾಲು ತಲುಪಿದ್ದಕ್ಕೆ ಅಂಗಡಿ ಮಾಲೀಕರ ಫೋನಿಗೆ ಒಟಿಪಿ ಹೋಗುವ ಕ್ರಮವನ್ನೂ ಸಡಿಲಿಸಬೇಕು. ಬೆಳಿಗ್ಗೆ ಅಂಗಡಿ ತೆರೆಯುವವನು ಕೆಲಸದ ಹುಡುಗ, ಫೋನ್ ಇರುವುದು ಮನೆಯಲ್ಲಿ ಪೂಜೆ ಮಾಡುತ್ತಿರುವ ಮಾಲೀಕರ ಬಳಿ. ಒಟಿಪಿ ಬರುವವರೆಗೆ ಗಾಡಿ ರಸ್ತೆಯಲ್ಲಿ ನಿಂತು ಹಿಂದಿನವರ ಹಾರ್ನಿಗೆ ಗುರಿಯಾಗುತ್ತದೆ. ಮಾಲು ಇಳಿಸಿಕೊಳ್ಳಲೆಂದೇ ಜಾಗ ಬಿಟ್ಟಿರುವ ಬೀದಿಗಳು ನಮ್ಮ ಹಳೆಯ ಬಡಾವಣೆಗಳಲ್ಲಿ ಬಹಳ ಕಡಿಮೆ, ಮತ್ತು ಅದನ್ನು ಯಾವ ಆ್ಯಪ್ ಕೂಡ ಸೃಷ್ಟಿಸಿಕೊಡಲಾರದು. ಅದು ನಗರಾಡಳಿತ ಮಾಡಬೇಕಾದ ಕೆಲಸ.

ಚಾಲಕರ ಪಾಲಿನ ಬಗ್ಗೆ ನನಗೆ ಸಮಾಧಾನವಿಲ್ಲ. ಹಂಚಿಕೆ ಬಾಡಿಗೆಯಲ್ಲಿ ನಿಲ್ದಾಣಗಳು ಹೆಚ್ಚು, ಹತ್ತಿ ಇಳಿಯುವುದು ಹೆಚ್ಚು, ಕಾಯುವುದೂ ಹೆಚ್ಚು. ನಮಗೆ ಉಳಿದ ಹಣದಲ್ಲಿ ಅವರಿಗೆ ಎಷ್ಟು ಸೇರುತ್ತದೆ ಎಂಬುದು ಬಿಲ್ಲಿನಲ್ಲಿ ಕಾಣುವುದಿಲ್ಲ. ಪ್ರಯಾಣಿಕರ ಆಟೊಗಳ ವಿಷಯದಲ್ಲಿ ಬೇರೆ ದಾರಿ ಇದೆಯೆಂಬುದನ್ನು ಇದೇ ಬೆಂಗಳೂರು ತೋರಿಸಿದೆ. 2022ರಲ್ಲಿ ಆಟೊ ಚಾಲಕರ ಸಂಘದ ಜೊತೆಗೂಡಿ ಆರಂಭವಾದ ‘ನಮ್ಮ ಯಾತ್ರಿ’ ಎಂಬ ಆ್ಯಪ್, ಪ್ರತಿ ಬಾಡಿಗೆಯಿಂದ ಕಮಿಷನ್ ಕಡಿಯುವ ಬದಲು ಚಾಲಕರಿಂದ ದಿನಕ್ಕೆ 25 ರೂಪಾಯಿಯಂತಹ ಸಣ್ಣ ಶುಲ್ಕ ಪಡೆಯುವ ಕ್ರಮವನ್ನು ತಂದಿತು. ತನ್ನ ತಂತ್ರಾಂಶವನ್ನೂ ಎಲ್ಲರಿಗೂ ತೆರೆದಿಟ್ಟಿದೆ. ಗೂಡ್ಸ್ ಆಟೊಗಳಿಗೂ ಇಂತಹ ಮುಕ್ತ ವ್ಯವಸ್ಥೆ ಗಟ್ಟಿಯಾಗಿ ಬೇರೂರಿದರೆ ಎರಡು ಬೇರೆ ಸೇವೆಗಳ ಗ್ರಾಹಕರ ಮಾಲನ್ನೂ ಒಂದೇ ಗಾಡಿಗೆ ಜೋಡಿಸಬಹುದು. ಈಗ ನಮ್ಮ ಆ್ಯಪ್ ತನ್ನ ಗ್ರಾಹಕರೊಳಗಷ್ಟೇ ಜೋಡಿ ಹುಡುಕುತ್ತದೆ. ಪಕ್ಕದ ಬೀದಿಯಲ್ಲಿ ಬೇರೆ ಸೇವೆಯ ಗಾಡಿ ಅರ್ಧ ಖಾಲಿಯಾಗಿ ಅದೇ ಗಾಂಧಿ ಬಜಾರಿಗೆ ಹೊರಟಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಇಂತಹ ಆ್ಯಪ್‌ಗಳ ಮೂಲಕ ಬಿಡಿಬಿಡಿಯಾಗಿ ಕೆಲಸ ಪಡೆದು ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ರಾಜ್ಯ ಸರ್ಕಾರ 2025ರಲ್ಲಿ ಕಾನೂನನ್ನೂ ತಂದಿದೆ. ಚಾಲಕರ ಕಲ್ಯಾಣಕ್ಕೆಂದು ಹೋಗುವ ಬಾಬ್ತನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಬೇಕೆಂದು ನಾನು ಸೇವೆಯವರಿಗೆ ಬರೆದು ಕೇಳಿದ್ದೇನೆ.

ಬಳಸಲು ಬಯಸುವವರಿಗೆ ನನ್ನ ಮಾತು ಇಷ್ಟು. ವಾರದ ಖಾಯಂ ಸುತ್ತಿಗೆ, ಅರ್ಧ ಗಾಡಿಯಷ್ಟು ಮಾಲಿರುವವರಿಗೆ, ಹಂಚಿಕೆ ಬಾಡಿಗೆಯನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಹಿಂದಿನ ದಿನ ಸಂಜೆ ಏಳರೊಳಗೆ ಬುಕ್ ಮಾಡಿದರೆ ಜೋಡಿ ಸಿಗುವ ಸಂಭವ ಹೆಚ್ಚು. ಎಂಟು ದಾಟಿದರೆ ಒಂಟಿ ಗಾಡಿಯೇ ಗತಿ. ಟಿಪ್ಪಣಿಯ ಜಾಗದಲ್ಲಿ “ವಾಸನೆಯ ಮಾಲಿನ ಜೊತೆ ಬೇಡ” ಎಂದು ಕನ್ನಡದಲ್ಲೇ ಬರೆಯಿರಿ, ಚಾಲಕರು ಓದುತ್ತಾರೆ. ಮುಂದಿನ ಸುಗ್ಗಿಯ ಮೆಣಸಿನಕಾಯಿಗೆ ನಾನು ಈ ಆ್ಯಪ್ ಬಳಸುವುದಿಲ್ಲ. ಯಾರ್ಡಿನ ಗೇಟಿನ ಬಳಿ ನಿಲ್ಲುವ ದೊಡ್ಡ ಗಾಡಿಯವರೊಬ್ಬರಿಗೆ ಈಗಲೇ ಹೇಳಿಟ್ಟಿದ್ದೇನೆ. ಹನ್ನೆರಡು ಚೀಲವೂ ಒಂದೇ ಸಲಕ್ಕೆ ಬರುತ್ತವೆ.